ಚಂದ್ರನ ಮೇಲೆ ಬೆಳ್ಳಗಾಗುವ ಸುದ್ದಿ

ರಾಜ್ಯದ ಗಡಿಗೆ ಅಂಟಿದ ನ್ಯಾಲ್ಕಲ್ ಮಂಡಲದಲ್ಲಿ ಒಂದು ಕನ್ನಡ ಶಾಲೆ ಇದೆ. ಅಲ್ಲಿಯ ವಿಜ್ಞಾನದ ಮಾಸ್ತರ ಮಹಾದೇವನಷ್ಟು ದೊಡ್ಡದಾಗಿ ಸುಳ್ಳು ಹೇಳಬಲ್ಲ ಮನುಷ್ಯ ಎರಡು ರಾಜ್ಯಗಳಲ್ಲಿ ಇನ್ನೊಬ್ಬನಿರಲಿಲ್ಲ. ಅವನು ಗುರುತ್ವಾಕರ್ಷಣೆಯ ಪಾಠ ಮಾಡಿದರೆ ಕಿಟಕಿಯಾಚೆಯ ಬೇವಿನಕಾಯಿಗಳೆಲ್ಲ ಒಮ್ಮೆಲೇ ಉದುರುತ್ತಿದ್ದವು. ಗ್ರಹಣದ ಪಾಠ ಮಾಡಿದ ದಿನ ಊರಿನ ಕೋಳಿಗಳು ಮಧ್ಯಾಹ್ನವೇ ಗೂಡು ಸೇರುತ್ತಿದ್ದವು. ಮನಸ್ಸಿನಲ್ಲಿ ಕೆಡುಕಿಲ್ಲ, ಪಾಠ ರುಚಿಯಾಗಲೆಂದು ಒಂದು ಚಿಟಿಕೆ ಸುಳ್ಳು ಹಾಕುತ್ತಿದ್ದ, ವರ್ಷ ಕಳೆದಂತೆ ಚಿಟಿಕೆ ಹೋಗಿ ಬೊಗಸೆಯಾಗಿತ್ತು. ಮಕ್ಕಳೋ, ಹೆತ್ತವರ ಮಾತನ್ನಾದರೂ ಬಿಟ್ಟಾರು, ಅವನ ಮಾತನ್ನು ಬಿಡುತ್ತಿರಲಿಲ್ಲ.

ಆ ವರ್ಷ ಶಾಲೆಯ ಗೋಡೆಯ ಮೇಲೆ ರಾಕೆಟ್ಟೊಂದು ಬರಬೇಕೆಂದು ಹಟ ಹಿಡಿದವನು ಮಹಾದೇವನೇ. ಜಹೀರಾಬಾದಿನಿಂದ ಪೇಂಟರ್ ವೈಜಿನಾಥನನ್ನು ಕರೆಸಿದ. ವೈಜಿನಾಥ ಲೀಡರುಗಳ ಮುಖ, ಫೋಟೊ ಸ್ಟುಡಿಯೊದ ಮದುಮಗಳು, ದವಾಖಾನೆ ಬೋರ್ಡಿನ ಕೂಸು, ಎಲ್ಲರನ್ನೂ ಒಂದೇ ಡಬ್ಬಿಯ ಬಣ್ಣದಲ್ಲಿ ಬರೆಯುವವ: ಬಿಳಿ ಮೂರು ಪಾಲು, ಗುಲಾಬಿ ಒಂದು ಪಾಲು. ಏಳನೆಯ ತರಗತಿಯ ಗ್ರೂಪ್ ಫೋಟೊ ಕೈಗೆ ಕೊಟ್ಟಾಗ ಅವನು ತಲೆ ಕೆರೆದುಕೊಂಡ.

"ಸರ, ಹುಡುಗ್ರು ಭಾಳ ಕರ್ರಗ ಅದಾರ. ಇದ್ದಂಗ ಬರೀಲೇನ್ರಿ?"

"ಇದ್ದಂಗ ಬರದ್ರ ಗ್ವಾಡಿ ಮ್ಯಾಲ ಕಾಣ್ತಾರೇನೋ? ಒಂದೀಟು ಬೆಳ್ಳಗ ಉಜಳ ಮಾಡಪಾ. ಸಾಹೇಬ್ರು ನೋಡಾಕ ಬರವ್ರ ಅದಾರ."

ವೈಜಿನಾಥ ಎಂಥ ಉಜಳ ಮಾಡಿದನೆಂದರೆ, ಎದುರುಮನೆಯವರು ಹದಿನೈದು ದಿನ ಕಣ್ಣಿಗೆ ಕೈ ಅಡ್ಡ ಹಿಡಿದೇ ಓಡಾಡಿದರು. ರಾಕೆಟ್ಟಿನ ಕಿಟಕಿಗಳಲ್ಲಿ ಆರು ಹುಡುಗರು, ಎಲ್ಲರ ಮುಂದೆ ಕ್ಯಾಪ್ಟನ್. ಕ್ಯಾಪ್ಟನ್ನನ ಮೀಸೆ ಮಹಾದೇವನದು. ರೊಟ್ಟಿ ಹಂಚಿನ ಬಣ್ಣದ ಮಹಾದೇವ ಗೋಡೆಯ ಮೇಲೆ ಮಾತ್ರ ಆಗತಾನೇ ಎರೆದು ಮಲಗಿಸಿದ ಬಿಳಿ ದೊರೆಗಳ ಕೂಸಿನಂತಿದ್ದ. ಹುಡುಗಿಯರೆಲ್ಲ ರಾಕೆಟ್ಟಿನ ಬುಡದಲ್ಲಿ ಆರತಿ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು.

ಮಕ್ಕಳು ಓಡಿ ಬಂದು ಗೋಡೆಯಲ್ಲಿ ತಮ್ಮನ್ನು ತಾವು ಹುಡುಕತೊಡಗಿದರು.

"ಸರ, ನಾ ಎಲ್ಲಿದ್ದೀನ್ರಿ?" ಎಂದ ಕ್ರಾಂತಿಕುಮಾರ.

"ಮೂರನೇ ಕಿಟಕ್ಯಾಗ ನೋಡು."

"ಅವ ನಾ ಅಲ್ರಿ. ಅವ ಬಿಸ್ಕಿಟ್ ಪುಡಾದ ಮ್ಯಾಲಿನ ಹುಡುಗ ಅದಾನ."

ಎಲ್ಲರೂ ನಕ್ಕರು, ಈಶಮ್ಮ ಒಬ್ಬಳನ್ನು ಬಿಟ್ಟು. ಅಜ್ಜಿಯ ಹೆಸರು ಹೊತ್ತ ಆ ಹುಡುಗಿ ತರಗತಿಗೇ ಜಾಣೆ, ತರಗತಿಗೇ ಕಪ್ಪು.

"ನಾವ್ಯಾಕ್ರಿ ಸರ ಕೆಳಗ ನಿಂತೀವಿ?" ಎಂದು ಕೇಳಿದಳು.

"ದೂರ ಹೊಂಟವ್ರಿಗೆ ಆರತಿ ಮಾಡಬೇಕಿಲ್ಲೇನವ್ವ? ಆರತಿ ಇಲ್ದ ರಾಕೆಟ್ ಏಳಂಗಿಲ್ಲ."

"ಆರತಿ ಮಾಡಿ, ತಾಟ ಕೆಳಗಿಟ್ಟು, ನಾವೂ ಹತ್ತಬೌದಲ್ರಿ?" ಅವಳು ಅಲ್ಲಿಗೇ ಬಿಡಲಿಲ್ಲ. "ಮತ್ತ ಎಲ್ಲಾರೂ ಇಷ್ಟ ಬೆಳ್ಳಗ ಯಾಕ್ರಿ? ಚಂದ್ರಗ ಹೋದವ್ರ ಫೋಟೊದಾಗೂ ಎಲ್ಲಾರೂ ಬೆಳ್ಳಗೇ ಅದಾರ."

ಮಹಾದೇವನಿಗೆ ನಿಜ ಗೊತ್ತಿತ್ತು. ಹೇಳಲು ಬಾಯಿಯನ್ನೂ ತೆರೆದ. ಆದರೆ ಹೇಳಿದರೆ ಗೋಡೆಯ ಮೇಲಿನ ಗುಲಾಬಿ ಕ್ಯಾಪ್ಟನ್ನನ ಬಗ್ಗೆಯೂ ಹೇಳಬೇಕಾಗುತ್ತಿತ್ತು. ಬಾಯಿ ತೆರೆದಾಗಿತ್ತು, ಅದು ತನಗೆ ರೂಢಿಯಾದ ಕೆಲಸವನ್ನೇ ಮಾಡಿತು.

"ಅಲ್ಲಿ ಗಾಳಿ ಇಲ್ಲವ್ವ, ಹೊಗಿ ಇಲ್ಲ. ಬಿಸಲ ಶುದ್ಧ ಅದ. ಎಂಟು ದಿನ ಇದ್ರ ಸಾಕು, ಎಂಥಾ ಮೈ ಇದ್ರೂ ಹಾಲಿನಂಗ ಆಗ್ತದ."

ಈಶಮ್ಮ ತನ್ನ ಮುಂಗೈಯನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ತಿರುಗಿಸಿ ನೋಡಿಕೊಂಡಳು.

ಮುಂದಿನ ತಿಂಗಳು ಜಹೀರಾಬಾದಿನಲ್ಲಿ ವಿಜ್ಞಾನ ಮೇಳ ನಡೆಯಿತು. ಈಶಮ್ಮ ಥರ್ಮಾಕೋಲಿನ ಚಂದ್ರನನ್ನು ಮಾಡಿಕೊಂಡು ಬಂದಿದ್ದಳು. ಅಂಥ ಚಂದ್ರನನ್ನು ನೋಡಿದ್ದರೆ ಆಕಾಶದವನೇ ರಜೆ ಹಾಕಿ ಮನೆಗೆ ಹೋಗುತ್ತಿದ್ದ. ತೀರ್ಪುಗಾರರು ಮಾಲತೀಬಾಯಿ, ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಅವರು ಕೇಳಿದ್ದಕ್ಕೆಲ್ಲ ಈಶಮ್ಮ ಪಟಪಟನೆ ಉತ್ತರ ಕೊಟ್ಟಳು, ದೊಡ್ಡವಳಾಗಿ ಚಂದ್ರನಿಗೇ ಹೋಗುತ್ತೇನೆ ಎಂದೂ ಹೇಳಿದಳು. ಪಕ್ಕದಲ್ಲಿ ಮಹಾದೇವ ಉಬ್ಬಿ ಉಬ್ಬಿ ಬಾಗಿಲಿನಷ್ಟು ಅಗಲವಾದ.

"ಶಾಣ್ಯಾಕಿ ಇದ್ದಿ," ಎಂದರು ಮಾಲತೀಬಾಯಿ. "ನಿನಗ ಚಂದ್ರಗ ಹೋಗಬೇಕಂತ ಯಾಕ ಅನಸ್ತು?"

"ಅಲ್ಲಿ ಎಂಟು ದಿನ ಇದ್ರ ಬೆಳ್ಳಗ ಆಗ್ತಾರ್ರಿ. ನಾನೂ ಆಗಿ ಬರ್ತೀನಿ."

ಇಡೀ ಸಭಾಂಗಣವೇ ನಕ್ಕಿತು. ಆ ನಗು ಅತ್ತ ನಾರಾಯಣಖೇಡಕ್ಕೆ ಮುಟ್ಟಿತು. ಇತ್ತ ತಾಂಡೂರಿನಲ್ಲಿ ಕಲ್ಲು ಕೊಯ್ಯುವ ಯಂತ್ರಗಳು ಏನಿದು ಸದ್ದು ಎಂದು ಅರೆಗಳಿಗೆ ನಿಂತವು. ಮಾಲತೀಬಾಯಿ ನಗಲಿಲ್ಲ.

"ಯಾರು ಹೇಳ್ಯಾರವ್ವ ನಿನಗ ಇದನ್ನ?"

ಈಶಮ್ಮ ಮಹಾದೇವನ ಕಡೆ ನೋಡಿದಳು. ಮಹಾದೇವ ಬಗ್ಗಿ, ಚಂದ್ರನಿಗೆ ಕಟ್ಟಿದ್ದ ದಾರವನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ. ನೆಟ್ಟಗೇ ಇದ್ದ ದಾರ. ಜಗತ್ತಿನಲ್ಲಿ ಯಾರೂ ಒಂದು ಗಂಟನ್ನು ಅಷ್ಟು ಹೊತ್ತು ಕಟ್ಟಿರಲಿಕ್ಕಿಲ್ಲ.

"ಯಾರೂ ಹೇಳಿಲ್ರಿ," ಎಂದಳು ಈಶಮ್ಮ. "ನನಗೇ ಹಂಗ ಅನಸ್ತು."

ಮಹಾದೇವನ ಪಾದದಲ್ಲಿ ಹುಟ್ಟಿದ ನಾಚಿಕೆ ಕಿವಿಗೆ ಹತ್ತಿತು. ಅದು ನಾನು ಹೇಳಿದ್ದು ಎನ್ನಲು ಮೂರೇ ಮಾತು ಸಾಕಿತ್ತು. ಇಡೀ ಊರಿಗಾಗುವಷ್ಟು ಸುಳ್ಳನ್ನು ಒಂಟಿಯಾಗಿ ಹೊತ್ತು ತಿರುಗಿದ್ದ ಆ ನಾಲಿಗೆಗೆ ಮೂರು ಮಾತು ಎತ್ತಲಾಗಲಿಲ್ಲ.

ಮರಳುವಾಗ ಜೀಪಿನಲ್ಲಿ ಹದಿನೆಂಟು ಜನ, ಮೂರು ಚೀಲ ಕಡಲೆ, ಒಬ್ಬ ಚಂದ್ರ. ಈಶಮ್ಮ ಚಂದ್ರನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

"ಸರ, ಅವ್ರೆಲ್ಲಾ ಯಾಕ ನಕ್ಕರ್ರಿ?"

"ರಸ್ತಾ ಕೆಟ್ಟದ ನೋಡು. ಗಟ್ಟಿ ಹಿಡ್ಕೊ," ಎಂದ ಮಹಾದೇವ.

ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಅವನಿಗಷ್ಟೇ ಕೇಳುವಂತೆ, "ನಿಮ್ಮ ಹೆಸರ ನಾ ಹೇಳ್ಲಿಲ್ರಿ," ಎಂದಳು. ಅದರಲ್ಲಿ ದೂರಿರಲಿಲ್ಲ. ಮಾಸ್ತರಿಗೆ ಧೈರ್ಯ ಹೇಳುವ ಹಾಗಿತ್ತು ದನಿ.

ಮರುದಿನ ಮಹಾದೇವ ತರಗತಿಗೆ ಬಂದು ಮೇಜಿನ ಅಂಚು ಹಿಡಿದು ನಿಂತ. ಈಶಮ್ಮ ಎರಡನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ಮೇಳದ ಸುದ್ದಿ ಅವಳಿಗಿಂತ ಮೊದಲೇ ಶಾಲೆ ಮುಟ್ಟಿತ್ತು. ಹಿಂದಿನ ಬೆಂಚಿನವರು ಆಗಲೇ ಎಂಟು ದಿನ, ಎಂಟು ದಿನ ಎಂದು ಅವಳನ್ನು ಕಾಡುತ್ತಿದ್ದರು.

"ಯಾರೂ ಆಕಿಗೆ ಏನೂ ಅನಬ್ಯಾಡ್ರಿ. ನಿನ್ನೆ ಆಕಿ ಹೇಳಿದ್ದು ಸುಳ್ಳ. ಆ ಸುಳ್ಳ ನಂದು."

ಹೊಸ ಕತೆ ಶುರುವಾಯಿತೆಂದು ಮಕ್ಕಳು ಖುಷಿಯಿಂದ ಮುಂದೆ ಸರಿದು ಕುಳಿತರು. ಮಹಾದೇವನಿಗೆ ಮೇಳದ ನಗುವಿಗಿಂತ ಇದೇ ಹೆಚ್ಚು ಚುಚ್ಚಿತು.

"ಕತಿ ಅಲ್ಲ. ಚಂದ್ರನ ಮ್ಯಾಲ ನಡದವ್ರು ಹನ್ನೆರಡು ಮಂದಿ. ಹನ್ನೆರಡೂ ಗಂಡಸ್ರು, ಹನ್ನೆರಡೂ ಅಮೆರಿಕಾದ ಬಿಳೇ ಮಂದಿ. ಅಲ್ಲಿ ಹೋಗಿ ಬೆಳ್ಳಗ ಆಗಿಲ್ಲ. ಬೆಳ್ಳಗಿದ್ದವ್ರಿಗೇ ಕಳಸ್ಯಾರ."

"ಉಳದವ್ರು ಪರೀಕ್ಷಾದಾಗ ಫೇಲ್ ಆಗಿದ್ರೇನ್ರಿ?" ಎಂದ ಕ್ರಾಂತಿಕುಮಾರ.

"ಕೂಡಾಕ ಬಿಟ್ರ ಅಲ್ಲೇನೋ ಫೇಲ್ ಆಗೂದು? ಹೆಣ್ಮಕ್ಕಳಿಗೆ ಬಾಗಲಾನೇ ತೆಗೀಲಿಲ್ಲ. ಅಲ್ಲಿಯ ಕರೇ ಮಂದಿಗೆ ತೆಗದಂಗ ಮಾಡಿ ಮುಚ್ಚಿದ್ರು. ಮುಂದ ಎಷ್ಟೋ ವರ್ಷಕ್ಕ ತೆರದ್ರು. ರಷ್ಯಾದಾಗ ಒಬ್ಬ ಹೆಣ್ಮಗಳು ಅರವತ್ತಮೂರನೇ ಇಸ್ವಿಯಾಗೇ ಆಕಾಶಕ್ಕ ಹೋಗಿದ್ಲು. ಅಮೆರಿಕಾದ ಕರೇ ಹೆಣ್ಮಗಳು ಹೋಗಬೇಕಾದ್ರ ತೊಂಬತ್ತೆರಡನೇ ಇಸ್ವಿ ಆತು. ಹೋಗಿ ಬಂದ್ಮ್ಯಾಗೂ ಕರ್ರಗೇ ಇದ್ಲು. ಆಕಿಗೇನೂ ಕಮ್ಮಿ ಆಗ್ಲಿಲ್ಲ."

"ಮತ್ತ ನಮ್ಮ ಗ್ವಾಡಿ ಮ್ಯಾಲ ಬಾಗಲಾ ಮುಚ್ಚಿದವ್ರು ಯಾರ್ರಿ?" ಈಶಮ್ಮ ತಲೆಯೆತ್ತದೆಯೇ ಕೇಳಿದಳು.

"ನಾನವ್ವ," ಎಂದ ಮಹಾದೇವ. "ಪೇಂಟರ್ ಇದ್ದಂಗ ಬರೀಲೇನು ಅಂತ ಕೇಳಿದ್ದ. ಬ್ಯಾಡಂದವ ನಾ. ನಿನ್ನೆ ಎಲ್ಲಾರ ಮುಂದ ಸುಮ್ಮ ನಿಂತವನೂ ನಾನೇ."

ತರಗತಿ ಎಷ್ಟು ಸ್ತಬ್ಧವಾಯಿತೆಂದರೆ, ಮೂರು ಹೊಲದಾಚೆ ತೊಗರಿಯಲ್ಲಿ ಹುಳು ಕಾಯಿ ಕೊರೆಯುವುದೂ ಕೇಳುತ್ತಿತ್ತು. ಇನ್ನು ಎಲ್ಲ ಸರಿಹೋದೀತು ಎಂದುಕೊಂಡು ಮಹಾದೇವ ಮೇಜಿನಿಂದ ಕೈ ತೆಗೆದ. ಅಷ್ಟರಲ್ಲಿ ಈಶಮ್ಮ ಎದ್ದು ನಿಂತಳು.

"ಸರ, ಈಗ ಹೇಳಿದ್ದಾದ್ರೂ ಖರೆ ಅದ ಏನ್ರಿ?"

"ಖರೆ ಅದವ್ವ."

ಅವಳು ಕೂಡಲಿಲ್ಲ. ಕುಚೋದ್ಯವಿಲ್ಲದೆ, ಸಿಟ್ಟೂ ಇಲ್ಲದೆ, "ಬುಕ್ಕಿನ್ಯಾಗ ತೋರಸ್ರಿ," ಎಂದಳು.

ಮಹಾದೇವ ಆಫೀಸಿನ ಕಪಾಟಿನಿಂದ ಧೂಳು ಹಿಡಿದ ದಪ್ಪ ಪುಸ್ತಕ ತಂದು ಪುಟ ಮಗುಚತೊಡಗಿದ. ನಲವತ್ತು ಮಕ್ಕಳು ಕಾಯುತ್ತಿದ್ದರು. ಪುಟ ಸಿಕ್ಕಿದ ಮೇಲೂ ಈಶಮ್ಮ ಅವನ ಬಾಯಿ ನೋಡಲಿಲ್ಲ. ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು, ಸಾಲಿನ ಮೇಲೆ ಬೆರಳಿಟ್ಟು, ಒಂದು ಪದವನ್ನೂ ಬಿಡದೆ ಓದಿದಳು. ಓದಿ ಮುಗಿಯುವವರೆಗೂ ಮಾಸ್ತರ ಅವಳ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.