ಎರಡು ಪೆಟ್ಟಿನ ನಡುವೆ

ಹುಲಿಗೇಶನಿಗೆ ಒಂದೇ ಒಂದು ಮಾತು ಗೊತ್ತಾಗಬೇಕಿತ್ತು. ಸಾಯುವಾಗ ಅವ್ವ ತನ್ನನ್ನು ಕರೆದಳೋ, ಇಲ್ಲವೋ.

ಊರವರು ಉಡಚವ್ವನನ್ನು ಪುಣ್ಯವಂತೆ ಅಂದರು. ನರಳಲಿಲ್ಲ, ಹಾಸಿಗೆ ಹಿಡಿಯಲಿಲ್ಲ, ಕೂತಲ್ಲೇ ಶಿವನ ಪಾದ ಸೇರಿದಳು ಅಂದರು. ಅವರು ಅಂದದ್ದು ಖರೆಯೇ ಇರಬಹುದು. ಆದರೆ ಮಗ ಅವಳಿಂದ ಒಂದು ಮೊಳ ದೂರದಲ್ಲಿ, ಮುಚ್ಚಿದ ಬಾಗಿಲಿನ ಈಚೆ, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತಿದ್ದ.

ಎರಡು ಸಾವಿರದ ಏಳರ ಮಾಘಮಾಸ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ. ಹಾವೇರಿಯ ಒಂದು ಭಜನಾ ಮಂಡಳಿಯವರು ದೇವಿಯ ಹಾಡುಗಳ ಸಿಡಿ ಮಾಡಿಕೊಡಲು ಹುಲಿಗೇಶನಿಗೆ ಒಪ್ಪಿಸಿ ಹೋಗಿದ್ದರು. ಹಳೆಯ ಧಾಟಿ ಇರಲಿ, ಆದರೆ ಡ್ರಮ್ ಸೆಟ್ ಬೇಕು ಅಂದಿದ್ದರು. ರಾಣೇಬೆನ್ನೂರಿನ ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸುವ ಯಲ್ಲೇಶ, ಹುಲಿಗೇಶನ ಗೆಳೆಯ, ತನ್ನ ಸೆಟ್ಟನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದ. ಅಂದು ಡ್ರಮ್ ಮಾತ್ರ, ಹಾಡುವವರ ದನಿ ಆಮೇಲೆ ಸೇರಿಸುವುದು. ಹುಲಿಗೇಶನ ಮನೆಯ ಹತ್ತು ಅಡಿ ಕೋಣೆಯೇ ಸ್ಟುಡಿಯೋ. ಗೋಡೆಗೆಲ್ಲ ಮೆಣಸಿನಕಾಯಿಯ ಖಾಲಿ ಗೋಣಿಚೀಲ ಜಡಿದಿತ್ತು.

"ಲೇ, ನಿನ್ನ ಮೈಕಿನಾಗ ಡ್ರಮ್ಮಿಗಿಂತ ನನ್ನ ಸೀನು ಛಲೋ ಬರ್ತೈತಿ ನೋಡು," ಅಂದಿದ್ದ ಯಲ್ಲೇಶ, ಮೂಗು ಒರೆಸಿಕೊಳ್ಳುತ್ತ.

ಅಷ್ಟು ಸಣ್ಣ ಕೋಣೆಯಲ್ಲಿ ಡ್ರಮ್ ಸೆಟ್ ರೆಕಾರ್ಡ್ ಮಾಡುವುದೆಂದರೆ ಒಂದೇ ಅಡಿಗೆಮನೆಯಲ್ಲಿ ನಾಲ್ವರು ಸೊಸೆಯಂದಿರನ್ನು ಕೂರಿಸಿದಂತೆ. ಒಬ್ಬಳ ಮಾತು ಇನ್ನೊಬ್ಬಳ ಕಿವಿಗೆ ಬೀಳದೆ ಇರದು. ನಡುವಿನ ಸ್ನೇರ್ ಡ್ರಮ್ಮಿಗೆ ಇಟ್ಟ ಮೈಕಿನೊಳಗೆ ಪಕ್ಕದ ಹೈ-ಹ್ಯಾಟ್ ತಾಳಗಳ ಚಿಸ್ ಚಿಸ್ ಸೋರಿ ಬರುತ್ತದೆ. ಒಮ್ಮೆ ಸೋರಿತೆಂದರೆ ಹಾಲಿಗೆ ಬಿದ್ದ ನೀರಿನ ಹಾಗೆ, ಬೇರೆ ಮಾಡುವುದು ಕಷ್ಟ. ಅದಕ್ಕೆ ಹುಲಿಗೇಶ ಮೈಕುಗಳನ್ನು ಡ್ರಮ್ಮುಗಳ ಚರ್ಮದ ತೀರ ಹತ್ತಿರಕ್ಕೆ ಸರಿಸಿದ. ಅವ್ವ ಹಳೆ ಸೀರೆ ಸೇರಿಸಿ ಹೊಲಿದ ದಪ್ಪ ಕೌದಿಗಳನ್ನು ಬಾಗಿಲಿಗೆ, ಕಿಟಕಿಗೆ ಇಳಿಬಿಟ್ಟ. ಅವನ ಮೈಕು ಮುಖದ ಕಡೆಯದನ್ನು ಕೇಳುತ್ತದೆ, ಬೆನ್ನ ಕಡೆಯದಕ್ಕೆ ಕಿವುಡು. ಸ್ನೇರಿನ ಮೈಕಿನ ಬೆನ್ನನ್ನು ಹೈ-ಹ್ಯಾಟಿಗೆ ತಿರುಗಿಸಿದ. ಹಾಗೆ ತಿರುಗಿಸಿದಾಗ ಅದರ ಮುಖ ಬಾಗಿಲಿಗೆ ಆಯಿತು. ಅದನ್ನು ಅವನು ಅಂದು ಗಮನಿಸಲಿಲ್ಲ.

"ಯವ್ವಾ, ಒಂದ ತಾಸು. ಸಪ್ಪಳ ಮಾಡಬ್ಯಾಡ. ನನ್ನ ಕರೀಬ್ಯಾಡ."

"ಮನಿಗೆ ಬೆಂಕಿ ಬಿದ್ರ?"

"ಬಿದ್ರ ಸಾವಕಾಶ ಬೀಳು ಅನ್ನು."

ಉಡಚವ್ವ ನಕ್ಕು, ಮೆಣಸಿನಕಾಯಿಯ ಮೊರ ತಂದು ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಮಗ ಬಾರಿಸುವವರ ನಡುವೆ ಇದ್ದರೆ ಅವಳಿಗೆ ಅಲ್ಲೇ ಕೂರಬೇಕು. ತೊಟ್ಟು ಬಿಡಿಸುವುದು ಸಪ್ಪಳವಿಲ್ಲದ ಕೆಲಸ.

ಅರ್ಧ ತಾಸಿನ ಮೇಲೆ ಇನ್ನೊಂದು ಕೌದಿ ಬೇಕೆಂದು ಅವನು ಬಾಗಿಲು ಒಳಕ್ಕೆ ಎಳೆದಾಗ, ಅದಕ್ಕೆ ಒರಗಿದ್ದ ಅವ್ವ ಅವನ ಪಾದಗಳ ಮೇಲೆ ವಾಲಿದಳು. ಮೈ ಇನ್ನೂ ಬೆಚ್ಚಗಿತ್ತು.

ಅವ್ವ ಹೋದ ನಲವತ್ತೊಂದನೆಯ ದಿನ ಮಧ್ಯಾಹ್ನ ಯಲ್ಲೇಶ ಬಂದ.

"ಹಾವೇರಿಯಾವ್ರು ದಿನಾ ಫೋನ್ ಮಾಡಾಕತ್ತಾರಪಾ. ಅವತ್ತ ಅರ್ಧಾ ಹಾಡು ಛಲೋ ಬಂದಿತ್ತು. ಅದನ್ನರ ತಗಿ."

ಅಂದಿನಿಂದ ಹುಲಿಗೇಶ ಆ ಕಂಪ್ಯೂಟರು ಮುಟ್ಟಿರಲಿಲ್ಲ, ಯಲ್ಲೇಶನ ಡ್ರಮ್ ಸೆಟ್ಟೂ ಬಿಚ್ಚದೆ ಕೋಣೆಯಲ್ಲೇ ಇತ್ತು. ದೇವರ ಜಗಲಿಗೆ ಕೈಮುಗಿದು ಬಂದು ಕೂತ. ಕಂಪ್ಯೂಟರಿನಲ್ಲಿ ಉಳಿದ ಮೈಕುಗಳ ದನಿಯನ್ನೆಲ್ಲ ಮುಚ್ಚಿ ಸ್ನೇರಿನದೊಂದನ್ನೇ ತೆರೆದ. ಅದು ನಿಧಾನದ ಹಾಡು. ಪೆಟ್ಟು, ಬಿಡುವು, ಮತ್ತೆ ಪೆಟ್ಟು. ಬಿಡುವಿನಲ್ಲಿ ಏನೋ ಇತ್ತು.

ಟಿಕ್.

"ಲೆಕ್ಕ ತಪ್ಪಬಾರ್ದಂತ ಹೆಡ್‌ಫೋನಿನ್ಯಾಗ ಬಿಟ್ಟ ಟಿಕ್ ಟಿಕ್ ತಾಳ ಸೋರೈತಿ," ಅಂದ ಯಲ್ಲೇಶ.

"ತಾಳಕ್ಕ ಕೂಡವಲ್ದು, ಕೇಳು."

ಇನ್ನೊಂದು ಟಿಕ್. ಬಹಳ ಹೊತ್ತಿನ ಮೇಲೆ ಮತ್ತೊಂದು. ಒಣ ಮೆಣಸಿನಕಾಯಿಯ ತೊಟ್ಟು ಮುರಿಯುವ ಸಪ್ಪಳ ಅದೆಂದು ಹುಲಿಗೇಶನ ಮೈಗೆ ಮೊದಲು ತಿಳಿಯಿತು, ಆಮೇಲೆ ಬುದ್ಧಿಗೆ. ತೋಳಿನ ಕೂದಲು ನಿಂತಿತ್ತು.

ಇಷ್ಟು ವರ್ಷ ಅವನು ಪೆಟ್ಟನ್ನು ಉಳಿಸಿಕೊಂಡು ನಡುವಿನದನ್ನು ಅಳಿಸಿದವನು. ಈಗ ಒಂದೊಂದೇ ಪೆಟ್ಟನ್ನು ಕತ್ತರಿಸಿ ತೆಗೆಯುತ್ತ, ನಡುವಿನದನ್ನು ಉಳಿಸುತ್ತ ಹೋದ. ಉಳಿದದ್ದರ ದನಿ ಏರಿಸಿದ. ಗೋಣಿಚೀಲಗಳ ಕೋಣೆಯಲ್ಲಿ ಇನ್ನೊಂದು ಮಧ್ಯಾಹ್ನ ಉಸಿರಾಡತೊಡಗಿತು.

"ಬ್ಯಾಡಲೇ ಹುಲಿಗ್ಯಾ," ಯಲ್ಲೇಶ ಅವನ ಕೈ ಹಿಡಿದ. "ದೇವ್ರು ಮುಚ್ಚಿದ್ದನ್ನ ನಾವು ತಗೀಬಾರ್ದು."

"ಕರದಾಳೇನು, ಅಷ್ಟ ನೋಡ್ತೇನಿ. ಕರದಿದ್ರ ಕರದಾಳ."

ಕರೆದಿರಲಿಲ್ಲ. ಹೆಸರು ಎಲ್ಲೂ ಬರಲಿಲ್ಲ. ಒಂದು ಬಿಡುವಿನಲ್ಲಿ ಉಸಿರು. ಮುಂದಿನದರಲ್ಲಿ, ಅತಿ ಮೆಲ್ಲಗೆ, ಅಂಗಳದಲ್ಲಿ ನಿಂತ ಯಾರಿಗೋ ಹೇಳುವಂತೆ ಅವ್ವನ ದನಿ: "ತಡೀರಿ." ಮತ್ತೊಂದರಲ್ಲಿ: "ಹುಡುಗಂದು ನಡದೈತಿ." ಆಮೇಲೆ ಎರಡು ಬಿಡುವು ಬರಿದಾಗಿದ್ದವು. ಮೂರನೆಯದರಲ್ಲಿ: "ಅವ್ರು ಬಾರಸೂದು ನಿಲ್ಲಲಿ. ಬರ್ತೇನಿ."

ಯಲ್ಲೇಶನ ಮುಖ ಬಿಳಿಚಿತು. "ಯಾರ್ ಬಂದಿದ್ರು ಅವತ್ತು?"

"ಯಾರೂ ಇಲ್ಲ. ಮುಂದಿಂದು, ಹಿತ್ತಲದ್ದು, ಎರಡೂ ಚಿಲಕ ನಾನ ಹಾಕಿದ್ನಿ."

ಪರದೆಯ ಮೇಲೆ ಇನ್ನು ನಾಲ್ಕು ಪೆಟ್ಟು ಉಳಿದಿದ್ದವು. ಅವುಗಳ ನಂತರ ಅಂದಿನ ಹುಲಿಗೇಶನ ದನಿಯೇ ಒರಟಾಗಿ ಬಂತು. "ಸಾಕು ಯಲ್ಲೇಶ, ನಿಲ್ಸು." ಅದರ ಬೆನ್ನಿಗೆ ಮೊರ ನೆಲಕ್ಕೆ ತಾಗಿದ ಸಪ್ಪಳ. ಮುಂದೆ ಏನೂ ಇರಲಿಲ್ಲ.



"ಅರ್ಧಾಕ್ಕ ಯಾಕ ನಿಲ್ಸಿದ್ವಿ ನಾವು?" ಹುಲಿಗೇಶ ಕೇಳಿದ.

"ಬಿಡೋ ಅದನ್ನ."

"ಹೇಳು."

ಯಲ್ಲೇಶ ನೆಲ ನೋಡಿದ. "ನೀನ ಅಂದಿ. ಹೈ-ಹ್ಯಾಟ್ ಇನ್ನೂ ಸೋರಾಕತ್ತೈತಿ, ಹೊಳ್ಳಿ ತಗೊಳ್ಳೂಣು ಅಂತ."

ಹುಲಿಗೇಶ ಎದ್ದ. ಬಾಗಿಲಿನ ಕೌದಿ ಕಿತ್ತು ಮಡಿಸಿಟ್ಟ, ಕಿಟಕಿಯದನ್ನೂ ತೆಗೆದ. ಮೈಕುಗಳ ವಾಯರು ಬಿಚ್ಚಿ ಮೂಲೆಗೆ ಸರಿಸಿದ. ಮುಂಬಾಗಿಲು, ಹಿತ್ತಲ ಬಾಗಿಲು ಎರಡನ್ನೂ ಪೂರ್ತಿ ತೆರೆದು ಬಂದ. ಓಣಿಯ ಬಿಸಿಲೂ ಘಾಟೂ ಒಳಗೆ ಬಂದವು.

"ಕುಂದ್ರು. ಆ ಹಾಡು ಮುಗಿಸಿಬಿಡು."

ಯಲ್ಲೇಶ ಕೂತ, ಮನಸ್ಸಿನಲ್ಲಿ ದೇವಿಯನ್ನು ನೆನೆದು ಕೋಲು ಎತ್ತಿದ. ಪೆಟ್ಟು, ಬಿಡುವು, ಪೆಟ್ಟು. ಹುಲಿಗೇಶ ಹೊಸ್ತಿಲ ಬಳಿ, ಅವ್ವ ಕೂತಿದ್ದಲ್ಲಿ, ಕಣ್ಣು ಮುಚ್ಚಿ ಕೂತ. ಅಂದು ನಿಂತ ಜಾಗ ದಾಟಿತು. ಎರಡನೆಯ ಚರಣ ದಾಟಿತು. ಮಂಗಳದ ಸಾಲೂ ಬಂದು ಹಾಡು ಮುಗಿಯಿತು.

ಯಲ್ಲೇಶನ ಕೈ ನಿಲ್ಲಲಿಲ್ಲ. ಮತ್ತೆ ಮೊದಲ ಸಾಲಿಗೆ ಹೊರಳಿ, ಬಾರಿಸುತ್ತಲೇ ಗೆಳೆಯನ ಮುಖ ನೋಡಿದ. ನಿಲ್ಲಿಸಲೇ ಎಂದು ಕೇಳುತ್ತಿದ್ದವು ಅವನ ಕಣ್ಣು. ಹಣೆಯಿಂದ ಬೆವರು ಸ್ನೇರಿನ ಮೇಲೆ ಹನಿಯುತ್ತಿತ್ತು. ಹುಲಿಗೇಶ ಬಾಯಿ ತೆರೆದ. 'ನಿಲ್ಸು' ಅನ್ನುವ ಆ ಒಂದು ಮಾತು ಅವನಿಗೆ ಬರಲಿಲ್ಲ.