ಒಂಬತ್ತನೆಯ ಬಾನಿ

ರಾಮನವಮಿಯ ಕೋಸಂಬರಿ ತಿಂದು ನಮ್ಮ ಬೀದಿಯಲ್ಲಿ ಅರವತ್ತಮೂರು ಜನ ಹಾಸಿಗೆ ಹಿಡಿದರು. ಅದು 2003. ಮೂರನೆಯ ದಿನಕ್ಕೇ ಬೀದಿ ತೀರ್ಪು ಕೊಟ್ಟಾಗಿತ್ತು: ಸುಬ್ಬಮ್ಮನವರ ಕೈ. ಹೆಸರುಬೇಳೆ ನೆನೆಹಾಕಿ ಕಲಸಿದ್ದು ಅವರೇ. ಮಲ್ಲೇಶ್ವರದ ಎಂಟು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದರು. ಆರು ಮನೆಯವರು ಕೆಲಸ ಬಿಡಿಸಿದರು. ಉತ್ಸವ ಸಮಿತಿಯ ಶ್ರೀನಿವಾಸಯ್ಯ ಸುಬ್ಬಮ್ಮನವರ ಬಾಗಿಲಿಗೇ ಹೋಗಿ, "ಎಲ್ಲಿ, ಉಗುರು ತೋರ್ಸ್ರೀ ನೋಡೋಣ" ಎಂದರಂತೆ.

ಮಿಕ್ಕಿದ ಕೋಸಂಬರಿಯೂ ರೋಗಿಗಳ ಮಾದರಿಗಳೂ ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಬಂದವು. ಸಾಲ್ಮೊನೆಲ್ಲಾ, ಎಂಟು ವರ್ಷಗಳಿಂದ ನಾನು ಬೆನ್ನು ಹತ್ತಿರುವ ಬ್ಯಾಕ್ಟೀರಿಯ. ಅದರ ಡಿಎನ್‌ಎಯನ್ನು ತುಂಡರಿಸಿ ಜೆಲ್‌ನಲ್ಲಿ ಓಡಿಸಿದರೆ ಪಟ್ಟಿಗಳು ಮೂಡುತ್ತವೆ. ತಳಿ ಬೇರೆಯಾದರೆ ಪಟ್ಟಿಗಳ ಸಾಲೂ ಬೇರೆ. ರೋಗಿಗಳದೂ ಕೋಸಂಬರಿಯದೂ ಒಂದೇ ಸಾಲು. ಸುಬ್ಬಮ್ಮನವರ ಮಾದರಿಯಲ್ಲಿ ಏನೂ ಇರಲಿಲ್ಲ. ಅಭ್ಯಾಸದಂತೆ ಫ್ರೀಜರಿನಲ್ಲಿದ್ದ ನನ್ನ ಹಳೆಯ ತಳಿಗಳೊಡನೆ ಹೋಲಿಸಿದೆ. ಟಿ-9 ಎಂಬುದರ ಹದಿನಾಲ್ಕು ಪಟ್ಟಿಗಳೂ ಹೊಂದಿದವು. ಮೂರು ಸಲ ಓಡಿಸಿದೆ. ಮೂರು ಸಲವೂ ಹೊಂದಿದವು.

1998ರಲ್ಲಿ ಪಿಎಚ್‌ಡಿಗಾಗಿ ಇಪ್ಪತ್ತೆರಡು ಅಂಗಡಿಗಳಿಂದ ಸೊಪ್ಪು ತೊಳೆಯುವ ನೀರು ತಂದಿದ್ದೆ. ಅಂಗಡಿಗಳ ಹೆಸರು ಎಲ್ಲೂ ಬರಕೂಡದೆಂಬ ನಿಯಮವಿತ್ತು, ಬರೀ ಸಂಖ್ಯೆ. ಒಂಬತ್ತನೆಯದು ನನ್ನ ಸೋದರಮಾವ ರಾಮಾಂಜಿನಪ್ಪನ ಕಲ್ಲುಬಾನಿ. ಸೊಪ್ಪಿನ ಬಾನಿ ಬರಿದಾದರೆ ವ್ಯಾಪಾರ ಒಣಗುತ್ತದೆ ಎಂದು ಅಜ್ಜಿ ಲಕ್ಕಮ್ಮ ನಂಬಿದ್ದಳು. ಹಾಗಾಗಿ ಸಂಜೆ ತಳದಲ್ಲಿ ನಾಲ್ಕು ಬೆರಳು ನೀರು ಉಳಿಸಿ, ಬೆಳಿಗ್ಗೆ ಅದರ ಮೇಲೇ ಹೊಸ ನೀರು ಸುರಿಯುವುದು ನಮ್ಮವರ ಪದ್ಧತಿ. ಒಳಗಿನ ಲೋಳೆಯನ್ನು ಯಾರೂ ಉಜ್ಜುತ್ತಿರಲಿಲ್ಲ.

ಮಾರ್ಕೆಟ್ಟಿಗೆ ಹೋದೆ. ಬಾನಿ ಬೆಳ್ಳಗೆ ಒಣಗಿ ನಿಂತಿತ್ತು.

"ಬಾ ಡಾಕ್ಟ್ರಮ್ಮ," ಎಂದ ಮಾವ. "ಕೊತ್ತಂಬರಿ ಕೊಟ್ಟೋನು ನಾನು ಅಂತ ಸಮಿತಿಯೋರು ಗುಸುಗುಸು ಅಂತಿದ್ರು. ಉಜ್ಜಿ ಸುಣ್ಣ ಹೊಡ್ಸಿದೀನಿ. ಈಗ ಏನ್ ಸಿಗುತ್ತೋ ತಗೊಂಡ್ ಹೋಗು."

"ಈಗಿನ ನೀರು ಬೇಡ ಮಾವ. ತೊಂಬತ್ತೆಂಟರದ್ದು ನನ್ ಹತ್ರ ಇದೆ."

ಕಟ್ಟು ಕಟ್ಟುತ್ತಿದ್ದ ಅವನ ಕೈ ನಿಂತಿತು. "ಅದ್ರಲ್ಲೂ ಇದೇ ಹುಳ ಇತ್ತಾ?"

"ಇತ್ತು."

"ಮತ್ತೆ ಆವಾಗ ಯಾಕೆ ಬಾಯಿ ಬಿಡ್ಲಿಲ್ಲ?"

"ಹೆಸ್ರು ಹೇಳ್ಬಾರ್ದು ಅಂತ ನಿಯಮ ಇತ್ತು."

"ಊರಿಗೆ ಹೇಳ್ಬಾರ್ದು, ಸರಿ ಕಣೇ. ನನ್ ಬಾನಿ ವಿಷ್ಯ ನಂಗೆ ಹೇಳೋಕೂ ನಿಯಮಾನಾ?"

ಇರಲಿಲ್ಲ. ಮರುವರ್ಷವೂ ಅದೇ ಬಾನಿಯಿಂದ ನೀರು ತಂದಿದ್ದೆ. ಅದೇ ತಳಿ ಉಳಿದಿತ್ತು. ಪ್ರಬಂಧದಲ್ಲಿ ಪರೀಕ್ಷಕರು ಮೆಚ್ಚಿದ್ದು ಆ ಅಧ್ಯಾಯವನ್ನೇ. ಮೊದಲೇ ಹೇಳಿದ್ದರೆ ಮಾವ ಬಾನಿ ಉಜ್ಜುತ್ತಿದ್ದ, ಅಧ್ಯಾಯ ಇರುತ್ತಿರಲಿಲ್ಲ. ಇದು ಆಗಲೇ ನನಗೆ ಗೊತ್ತಿತ್ತು.

ಅವನು ತಕ್ಕಡಿಯ ಪಕ್ಕದಿಂದ ನನ್ನ ಪ್ರಬಂಧವನ್ನು ಎಳೆದ. ನಾನೇ ಕೊಟ್ಟಿದ್ದ ಪ್ರತಿ. "ಯಾವ್ ಪುಟ? ತೋರ್ಸು. ಕನ್ನಡದಲ್ಲಿ ಓದು."

ಎಂಬತ್ತೇಳನೆಯ ಪುಟ ತೆಗೆದು ಓದಿದೆ. "ಟಿ-9ರ ನೀರಿನಲ್ಲಿ ಒಂದು ವರ್ಷದ ನಂತರವೂ ಅದೇ ತಳಿ ಕಂಡುಬಂದಿತು."

"ಇದಕ್ಕೆ ವರ್ಷಾ ವರ್ಷಾ ಆಯುಧಪೂಜೇಲಿ ಕುಂಕುಮ ಇಟ್ಟಿದೀನಲ್ಲೇ! ಎಂಥಾ ಬಕ್ರಾ ನಾನು." ಪಕ್ಕದ ಅಂಗಡಿಯವರು ಇಣುಕಿದರು. ಅವನು ದನಿ ತಗ್ಗಿಸಿದ. "ಆ ಹಳೇ ಸೀಸೆ ಯಾರಿಗೆ ಗೊತ್ತು? ಎಸೆದ್ಬಿಡು. ಎಲ್ಲಿಂದ ಬಂತೋ ತಿಳೀಲಿಲ್ಲ ಅಂತ ಬರಿ."

"ಹಾಗ್ ಬರೆದ್ರೆ ಬೀದಿಯೋರು ಸುಬ್ಬಮ್ಮನವ್ರನ್ನ ಬಿಡಲ್ಲ. ಅವ್ರದ್ದೇನೂ ತಪ್ಪಿಲ್ಲ."

"ನನ್ ಅಂಗ್ಡಿ ಮುಚ್ಚಿಸ್ತೀಯಾ?"

"ಎಸೆಯಲ್ಲ ಮಾವ."

"ಅಷ್ಟು ನಿಯತ್ತಾದ್ರೆ ಪೂರ್ತಿ ಬರಿ. ಐದು ವರ್ಷದಿಂದ ಗೊತ್ತಿತ್ತು, ಬಾಯಿ ಮುಚ್ಕೊಂಡಿದ್ದೆ ಅಂತಾನೂ ಬರಿ. ಆಮೇಲೆ ಈ ಕಡೆ ತಲೆ ಹಾಕ್ಬೇಡ." ಪ್ರಬಂಧವನ್ನು ಒಣಬಾನಿಯೊಳಗೆ ಎಸೆದ. ರಟ್ಟಿಗೆ ಸುಣ್ಣ ಮೆತ್ತಿಕೊಂಡಿತು. ನಾನು ಎತ್ತಿಕೊಳ್ಳಲಿಲ್ಲ.

ಪೂರ್ತಿ ಬರೆದೆ. ಅಂಗಡಿಯ ಹೆಸರು ಬರೆದೆ. ಕೆಳಗೆ, "1998ರಿಂದಲೂ ಇದು ಈ ವರದಿ ಬರೆದವಳಿಗೆ ತಿಳಿದಿತ್ತು, ಅಂಗಡಿಯವರಿಗೆ ತಿಳಿಸಿರಲಿಲ್ಲ" ಎಂದು ಸೇರಿಸಿದೆ. ವಾರದೊಳಗೆ ಅಂಗಡಿಗೆ ಬೀಗ ಬಿತ್ತು. ಸಮಿತಿಯವರು ವರದಿಯನ್ನು ಬೀದಿಗೆಲ್ಲ ಓದಿ ಹೇಳಿದರು.

ಸುಬ್ಬಮ್ಮನವರನ್ನು ಎರಡು ಮನೆಯವರು ವಾಪಸು ಕರೆದರು. ಸಂಪಿಗೆ ರಸ್ತೆಯಲ್ಲಿ ಎದುರಾದಾಗ ಅವರು ನಗಲಿಲ್ಲ. ತರಕಾರಿ ಚೀಲ ಕೆಳಗಿಟ್ಟು ನನ್ನನ್ನು ನಿಲ್ಲಿಸಿದರು.

"ಐದು ವರ್ಷದ ಹಿಂದೇನೇ ಗೊತ್ತಿತ್ತಂತೆ ನಿಮಗೆ."

"ಹೌದು."

"ಎಲ್ಲಿ, ನಿಮ್ ಉಗುರು ತೋರ್ಸಿ ನೋಡೋಣ."

ನಾನು ಎರಡೂ ಕೈ ಚಾಚಿದೆ. ಅವರು ನೋಡಲಿಲ್ಲ. ಚೀಲ ಎತ್ತಿಕೊಂಡು ಮುಂದೆ ನಡೆದರು.