ಮುಚ್ಚಳ ಹಾಕಿ ತೆಗೆದ ಫೋಟೊ

ಫಕೀರಸಾಬನ ಅಂಗಡಿಯ ಮೇಜಿನ ಮೇಲೆ ಎರಡು ಮಿರರ್‌ಲೆಸ್ ಕ್ಯಾಮೆರಾ ಇದ್ದವು. ಎರಡೂ ಸೆಕೆಂಡ್ ಹ್ಯಾಂಡ್. ದೇವಿಕಾಗೆ ಯಾವುದು ಬೇಕೆಂಬುದು ಯಾದಗಿರಿ ಬಸ್ಸು ಹತ್ತುವ ಮೊದಲೇ ತೀರ್ಮಾನವಾಗಿತ್ತು. ದೊಡ್ಡ ಸೆನ್ಸರಿನದು, ಜೊತೆಗೆ ಕತ್ತಲಲ್ಲೂ ಬೆಳಕು ಹೀರುವ ವೈಡ್ ಲೆನ್ಸು. ಶಹಾಪುರದ ಮಲಗಿದ ಬುದ್ಧನ ಗುಡ್ಡ ಒಂದೇ ಚೌಕಟ್ಟಿನಲ್ಲಿ ಉದ್ದಕ್ಕೂ ಬರಬೇಕು, ಮೇಲೆ ಅಮಾವಾಸ್ಯೆಯ ಆಕಾಶಗಂಗೆ ಬರಬೇಕು. ಮೂರು ವರ್ಷದಿಂದ ಅವಳಿಗೆ ಇದೊಂದೇ ಹುಚ್ಚು.

ಆದರೆ ಕೊಳ್ಳುವವನು ಸೋದರಮಾವ ಪರಮಣ್ಣ. ರಂಗಂಪೇಟೆಯ ಸ್ಟುಡಿಯೊ ಅವನದು, ಅವಳು ಅಲ್ಲೇ ಕೆಲಸ ಕಲಿತವಳು. ಹೋದ ತಿಂಗಳು ಕೊಂಕಲ್ ಮದುವೆಯಲ್ಲಿ ಅಕ್ಷತೆ ಬೀಳುವ ಗಳಿಗೆಯ ಫೋಟೊಗಳೆಲ್ಲ ಮಸುಕಾಗಿದ್ದವು. ಅಕ್ಷತೆ ಏನು ಎರಡನೇ ಸಲ ಬೀಳುತ್ತದೆಯೇ? ಹೆಣ್ಣಿನ ತಂದೆ ಸ್ಟುಡಿಯೊಗೇ ಬಂದು ಬಾಯಿಗೆ ಬಂದಂತೆ ಬೈದು ಹೋದ. ತಪ್ಪು ಹಳೇ ಕ್ಯಾಮೆರಾದ್ದೆಂದು ಪರಮಣ್ಣ ತೀರ್ಪು ಕೊಟ್ಟ. ಮಿರರ್‌ಲೆಸ್‌ಗೆ ಅವನು ಒಪ್ಪಿದ್ದೇ ಆ ಕಾರಣಕ್ಕೆ. ಬರುವ ಸೋಮವಾರ ಕಕ್ಕೇರಾದಲ್ಲಿ ಇನ್ನೊಂದು ಮದುವೆ.

ಬದಲಿಗೆ ಕೊಡಲು ತಂದ ಹಳೆಯದನ್ನು ಫಕೀರಸಾಬ ತಿರುವಿ ತಿರುವಿ ನೋಡಿದ. "ಇದಕ್ಕೇನಾಗೈತ್ರಿ ಪರಮಣ್ಣ?"

"ಫೋಕಸ್ ಹಿಡಿಯವಲ್ದು."

ಪರಮಣ್ಣ ಫೋಕಸ್ಸನ್ನು ಕೈಯಿಂದಲೇ ತಿರುಗಿಸುವವನು. ಅದು ರೀಲಿನ ಕಾಲದ ಪಟ್ಟು. ಕ್ಯಾಮೆರಾ ತಾನೇ ಫೋಕಸ್ ಮಾಡುವುದು ಅವನ ಪಾಲಿಗೆ ಸೋಮಾರಿಗಳ ಕೆಲಸ. ದೇವಿಕಾಗೂ ಕೈಯಲ್ಲೇ ಕಲಿಸಿದ್ದ. ಪುಣ್ಯಕ್ಕೆ, ನಕ್ಷತ್ರಗಳಿಗೂ ಬೇಕಾದದ್ದು ಅದೇ ಕೈ.

ದೇವಿಕಾ ತನ್ನ ಕ್ಯಾಮೆರಾ ಎತ್ತಿಕೊಂಡಳು (ಮನಸ್ಸಿನಲ್ಲಿ ಆಗಲೇ ಅದು ತನ್ನದು). ಲೆನ್ಸಿನ ಮುಚ್ಚಳ ತೆಗೆಯದೆ ಮೂವತ್ತು ಸೆಕೆಂಡಿಗೆ ಇಟ್ಟು ಒತ್ತಿದಳು.

"ಅಲಲಲಾ! ಮುಚ್ಚಳ ಹಾಕಿ ಯಾರ ಫೋಟೊ ಹೊಡೀತಿಯಬೇ, ದೆವ್ವದ್ದೇನು?" ಪರಮಣ್ಣ ನಕ್ಕ.

"ಕತ್ತಲಿಂದು, ಮಾವ. ಒಳಗ ಸೆನ್ಸರ್ ಕೆಟ್ಟಿದ್ರ ಕರೇದ್ರಾಗ ಕೆಂಪು ಕಲಿ ಬೀಳ್ತಾವ್ರಿ."

ಪರದೆಯ ಮೇಲೆ ಕಪ್ಪು ಬಂತು. ಒಂದು ಮೂಲೆಯನ್ನು ದೊಡ್ಡದು ಮಾಡಿ ನೋಡಿದಳು. ಸಾಸಿವೆ ಕಾಳಿನಷ್ಟು ಐದು ಕೆಂಪು ಕಲೆ. ಅಷ್ಟೇನೂ ದೊಡ್ಡ ಸಂಗತಿಯಲ್ಲ, ಕಂಪ್ಯೂಟರಿನಲ್ಲಿ ಒರೆಸಬಹುದು. ಮಾವನ ಮುಂದೆ ಹಿಡಿದಳು.

ಪರಮಣ್ಣ ಬಗ್ಗಿ, ಕನ್ನಡಕ ಮೇಲೇರಿಸಿ ನೋಡಿದ. "ಎಲ್ಲೈತಿ ಕಲಿ? ಒಂದೂ ಇಲ್ಲ. ಕೊಟ್ಟಬಿಡ್ರಿ ಫಕೀರಸಾಬ್."

ಮೇಜು ಒರೆಸುತ್ತಿದ್ದ ಫಕೀರಸಾಬನ ಕೈ ಅಲ್ಲೇ ನಿಂತಿತು. ಅವನು ಪರದೆಯ ಕಲೆಗಳನ್ನು ನೋಡಿದ, ಆಮೇಲೆ ದೇವಿಕಾಳ ಮುಖ ನೋಡಿದ.

ಅವಳಿಗೆ ಕೊಂಕಲ್ ಮದುವೆಯ ಮಸುಕು ಫೋಟೊಗಳು ನೆನಪಾದವು. ಹಳೇ ಕ್ಯಾಮೆರಾ ಎತ್ತಿ, ಕೈಯಿಂದ ಫೋಕಸ್ ತಿರುಗಿಸಿ, ಫಕೀರಸಾಬನ ಗಡ್ಡಕ್ಕೆ ಹಿಡಿದು ಒತ್ತಿದಳು. ಬಿಳಿ ಕೂದಲು ಒಂದೊಂದೂ ಎಣಿಸುವ ಹಾಗೆ ಬಂತು. ಕೆಟ್ಟದ್ದು ಕ್ಯಾಮೆರಾ ಅಲ್ಲ.

ಈಗ ಬಾಯಿ ಮುಚ್ಚಿಕೊಂಡರೆ ಮಿರರ್‌ಲೆಸ್ ತನ್ನದು. ಈ ಅಮಾವಾಸ್ಯೆಗೇ ಗುಡ್ಡ. ಬಾಯಿ ಬಿಟ್ಟರೆ ಹಳೆಯದನ್ನು ಬದಲಿಸುವ ಕಾರಣವೇ ಇಲ್ಲ, ಅಂಗಡಿಯಲ್ಲಿ ಮಾವನ ಮರ್ಯಾದೆ ಬೇರೆ ಹೋಗುತ್ತದೆ. ಆದರೆ ಸೋಮವಾರ? ಕಕ್ಕೇರಾದ ಮಂಟಪದಲ್ಲಿ, ನೂರು ಜನರ ನಡುವೆ, ಈ ಮನುಷ್ಯ ಮತ್ತೆ ಕೈಯಿಂದ ಫೋಕಸ್ ತಿರುಗಿಸುತ್ತಾನೆ.

"ಮಾವ, ಹಳೇದಕ್ಕ ಏನೂ ಆಗಿಲ್ರಿ."

"ಅಂದ್ರ?" ಪರಮಣ್ಣನ ದನಿ ಏರಿತು. "ನಾ ಸುಳ್ಳ ಹೇಳಾಕತ್ತೀನೇನು? ನಿನಗ ಕ್ಯಾಮೆರಾ ಹಿಡಿಯೋದು ಕಲಿಸಿದಾವ ನಾನು!"

"ಹೌದ್ರಿ, ನೀವ ಕಲಿಸೀರಿ. ಈ ಹೊಸಾದ್ರಾಗ ಐದು ಕಲಿ ಅದಾವ. ಚಾಚಾಗೂ ಕಾಣ್ತಾವ."

ಪರಮಣ್ಣ ಫಕೀರಸಾಬನತ್ತ ತಿರುಗಿದ. ಅವನು ತಲೆ ಎತ್ತದೆ, ಒರೆಸಿದ ಮೇಜನ್ನೇ ಮತ್ತೆ ಒರೆಸತೊಡಗಿದ್ದ.

ಪರಮಣ್ಣ ಕ್ಯಾಮೆರಾ ಕಿತ್ತುಕೊಂಡ. ಮೂಗಿನ ಹತ್ತಿರ ತಂದ, ದೂರ ಹಿಡಿದ. ಕನ್ನಡಕವನ್ನು ಅಂಗಿಯ ಚುಂಗಿನಿಂದ ಉಜ್ಜಿ ಇನ್ನೊಮ್ಮೆ ನೋಡಿದ. ಕೊನೆಗೆ ಸಣ್ಣ ದನಿಯಲ್ಲಿ ಕೇಳಿದ, "ಯಾವ ಕಡಿ?"

ದೇವಿಕಾ ಅವನ ಬೆರಳು ಹಿಡಿದು ಪರದೆಯ ಮೇಲೆ ಇಟ್ಟಳು.

"ಕಾಣವಲ್ವು," ಎಂದ ಪರಮಣ್ಣ.

ಹಳೇ ಕ್ಯಾಮೆರಾವನ್ನು ತಾನೇ ಎತ್ತಿ ಅವಳ ಕೊರಳಿಗೆ ಹಾಕಿದ. "ಸೋಮವಾರ ಅಕ್ಷತಿ ಫೋಟೊ ನೀ ಹೊಡಿ. ಹೊಸಾದು ಇಲ್ಲೇ ಇರ್ಲಿ ಫಕೀರಸಾಬ್. ಮೊದಲ ಈ ಕಣ್ಣಿಂದು ನೋಡ್ಬೇಕು."

ದೇವಿಕಾ ಮಿರರ್‌ಲೆಸ್ಸನ್ನು ಮೇಜಿನಾಚೆ ಸರಿಸಿದಳು. ಆಸೆ ಹೋಗಿರಲಿಲ್ಲ, ಸುಳ್ಳೇಕೆ ಹೇಳಬೇಕು? ಮಾವನ ಕೆಲಸ ಕಿತ್ತುಕೊಂಡಂತಾಯಿತಲ್ಲ ಎಂಬ ಸಂಕಟ ಅದಕ್ಕೂ ಹೆಚ್ಚಾಗಿತ್ತು.

ಅಂಗಡಿಯ ಮೆಟ್ಟಿಲ ಮೇಲೆ ಪರಮಣ್ಣ ನಿಂತ.

"ಮಾಳಗಿ ಮ್ಯಾಲ ಮಲ್ಕೊಂಡಾಗೆಲ್ಲ ಆಕಾಶ ನೋಡ್ತಿದ್ದೆ, ದೇವಿ. ಅಲ್ಲೇನೈತಂತ ಈ ಹುಡಿಗಿ ಇಷ್ಟ ಬಡಕೋತಾಳ ಅಂತಿದ್ದೆ." ಕನ್ನಡಕ ತೆಗೆದು ಹೇಳಿದ, "ಈಗೀಗ ಚುಕ್ಕಿನ ಕಡಿಮಿ ಆಗ್ಯಾವ ಅನ್ಕೊಂಡಿದ್ದೆ."

"ಎಲ್ಲಾ ಅಲ್ಲೇ ಅದಾವ್ರಿ ಮಾವ," ಎಂದಳು ದೇವಿಕಾ. ಮುಂದಿನ ಮೆಟ್ಟಿಲಿಗೆ ಅವನ ಕೈ ಹಿಡಿದುಕೊಂಡಳು.